ಹತ್ತು ಮೊಳ ಹೂವಿನ ದಾರಿ

ಶಿಡ್ಲಘಟ್ಟ ಬಂತು ಅಂತ ಕಣ್ಣು ಮುಚ್ಚಿಕೊಂಡೂ ಹೇಳಬಹುದು. ರೇಷ್ಮೆಗೂಡು ಬೇಯಿಸುವ ವಾಸನೆ ಊರಿಗಿಂತ ಮುಂಚೆ ಬಂದು ಬಸ್ಸು ಹತ್ತುತ್ತದೆ. ಹೊಸಬರು ಮೂಗಿಗೆ ಕರ್ಚೀಫು ಹಿಡಿಯುತ್ತಾರೆ. ನನಗೆ ಮಾತ್ರ ಕೈ ತಾನಾಗಿಯೇ ಚೀಲದ ಕಡೆ ಹೋಗುತ್ತದೆ. ಆರು ವರ್ಷ ಆ ವಾಸನೆ ಬಂದ ಕೂಡಲೇ ಚೀಲ ಹೆಗಲಿಗೇರಿಸಿ, ಸೆರಗು ಸರಿ ಮಾಡಿಕೊಂಡು, ಬಾಗಿಲ ಹತ್ತಿರ ಓಡಲು ತಯಾರಾಗಿ ನಿಲ್ಲುತ್ತಿದ್ದವಳು ನಾನು.

ಕಳೆದ ತಿಂಗಳು, ಈಗ ನಾನಿರುವ ಗೌರಿಬಿದನೂರಿನಿಂದ ಚಿಂತಾಮಣಿಗೆ ಹೊರಟಿದ್ದೆ. ನನ್ನ ಖಾಲಾ, ಅಂದರೆ ಅಮ್ಮಿಯ ತಂಗಿ, ಅವರ ಮೊಮ್ಮಗಳ ನಿಕಾಹ್. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸುವಾಗ ಹಳದಿ ಬಣ್ಣ ಕಂಡಿತು, ಹಳೇ ಅಭ್ಯಾಸದಲ್ಲಿ ಹತ್ತಿ ಕೂತೆ. ಶಿಡ್ಲಘಟ್ಟದ ವಾಸನೆ ಬಂದಾಗ ತಲೆಯೆತ್ತಿದರೆ ಡ್ರೈವರ್ ಸೀಟಿನ ಮೇಲಿನ ಕನ್ನಡಿಯಲ್ಲಿ ಎರಡು ಕಣ್ಣು ನನ್ನನ್ನೇ ನೋಡುತ್ತಿವೆ. ಹುಬ್ಬು ನರೆತಿದೆ, ಕಣ್ಣು ಮಾತ್ರ ಅವೇ. ವೆಂಕಟರವಣಪ್ಪ, ನಮ್ಮ ರವಣಣ್ಣ. ಅವರು ತಲೆಯಾಡಿಸಿದರು, ನಾನೂ ಆಡಿಸಿದೆ. ಗಾಡಿ ಓಡುತ್ತಿರುವಾಗ ಅವರು ಈಗ ಮಾತಾಡುವುದಿಲ್ಲ. ಮೊದಲು ಹಾಗಿರಲಿಲ್ಲ. ಅದು ಬದಲಾದದ್ದು ಟ್ರಾಫಿಕ್ ದಂಡ ಏರಿಸಿದ ವರ್ಷ.

ಆಗ ನಾನು ಶಿಡ್ಲಘಟ್ಟದ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಮನೆ ಚಿಂತಾಮಣಿಯಲ್ಲಿ. ಮನೆಯಲ್ಲಿ ಉರ್ದು, ಬೀದಿಯಲ್ಲಿ ತೆಲುಗು, ಹೊಟ್ಟೆಪಾಡಿಗೆ ಕನ್ನಡ. ಒಂಬತ್ತು ಮುಕ್ಕಾಲಿಗೆ ಪ್ರೇಯರ್ ಬೆಲ್ಲು. ಎಂಟೂ ಹತ್ತಕ್ಕೆ ಒಂದು ಸರ್ಕಾರಿ ಬಸ್ಸಿತ್ತು, ಅದರಲ್ಲಿ ಹೋದರೆ ಕಾಫಿ ಕುಡಿದು, ಎಲ್ಲರ ಯೋಗಕ್ಷೇಮ ವಿಚಾರಿಸಿ, ಆಮೇಲೆ ಸ್ಕೂಲಿಗೆ ಹೋಗಬಹುದು. ಆದರೆ ನಾನು ಎಂಟೂ ಹತ್ತರ ಹೆಂಗಸಲ್ಲ. ಅಮ್ಮಿ ಬೆಳಗಿನ ಜಾವದ ಫಜರ್ ನಮಾಜಿಗೆ ಎಬ್ಬಿಸುತ್ತಿದ್ದರು, ನಮಾಜ್ ಮುಗಿಸಿ ಐದೇ ನಿಮಿಷ ಅಂತ ಮತ್ತೆ ಮಲಗಿದರೆ ನನ್ನ ಐದು ನಿಮಿಷ ಏಳೂವರೆಗೆ ಮುಗಿಯುತ್ತಿತ್ತು. ಹಾಗಾಗಿ ಎಂಟೂ ಐವತ್ತರ ಹಳದಿ ಪ್ರೈವೇಟ್ ಬಸ್ಸೇ ನನಗೆ ಗತಿ. ಅದರ ಹಿಂದೆಯೇ ಐದು ನಿಮಿಷಕ್ಕೆ ಇನ್ನೊಬ್ಬ ಮಾಲೀಕರ ನೀಲಿ ಬಸ್ಸು ಬಿಡುತ್ತಿತ್ತು. ಯಾರು ಮುಂದೆ ಇರುತ್ತಾರೋ ದಾರಿಯ ಊರುಗಳ ಜನ ಅವರಿಗೆ. ಐದು ನಿಮಿಷದ ಆ ಸಂದಿಯಲ್ಲಿ ಎರಡು ಬಸ್ಸಿನ ಮಾನ ಮರ್ಯಾದೆ ಎಲ್ಲಾ ಇತ್ತು.

ಇದರಲ್ಲಿ ಡ್ರೈವರುಗಳದ್ದೇ ತಪ್ಪು ಅಂದರೆ ನಾನು ಒಪ್ಪುವುದಿಲ್ಲ. ನಾವು ಹಳದಿ ಬಸ್ಸಿನವರು ಒಂದು ಪಕ್ಷ, ನೀಲಿಯವರು ಒಂದು ಪಕ್ಷ. ಕಿಟಕಿಯಿಂದ ಕಿಟಕಿಗೆ ಕೈ ಬೀಸಿ ಅಣಕಿಸುವುದು, ಹಿಂದೆ ಬಿದ್ದವರನ್ನು ನೋಡಿ ನಗುವುದು, ಇದು ದಿನಾ ಬೆಳಗಿನ ಟಿಫನ್ನಿನಂತೆ ನಡೆಯುತ್ತಿತ್ತು. ಮುಂದಿನ ಸೀಟಿನಲ್ಲಿ ಕನಕಾಂಬರದ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದ ಪಾಪಮ್ಮಜ್ಜಿ, ಶಿಡ್ಲಘಟ್ಟದಲ್ಲಿ ಹೂ ಮಾರುವವಳು, ನಮ್ಮ ಬಸ್ಸು ಗೆದ್ದ ದಿನ ಕಟ್ಟಿದ ಹೂವಿನಿಂದ ಒಂದು ಗೇಣು ಹರಿದು ಕನ್ನಡಿಗೆ ಸಿಕ್ಕಿಸುವಳು. ಸೋತ ದಿನ ಕನ್ನಡಿ ಬೋಳು. ಬೋಳು ಕನ್ನಡಿ ನೋಡಿದರೆ ರವಣಣ್ಣನ ಮುಖ ಇಷ್ಟು ಚಿಕ್ಕದಾಗುತ್ತಿತ್ತು. ಇನ್ನು ನಾನು, ಮಕ್ಕಳಿಗೆ ಶಿಸ್ತು ಹೇಳಿಕೊಡುವವಳು, ರವಣಣ್ಣನ ಬೆನ್ನ ಹಿಂದೆ ನಿಂತು ದಿನಾ ಗಡಿಯಾರ ಓದುತ್ತಿದ್ದೆ. ರವಣಣ್ಣ, ಇನ್ನು ಹದಿನೈದು ನಿಮಿಷ. ರವಣಣ್ಣ, ಇನ್ನು ಹತ್ತು.

ಆ ಸಲ ಗಣೇಶನ ಹಬ್ಬದ ಆಸುಪಾಸಿನಲ್ಲಿ ಹೊಸ ಕಾನೂನು ಬಂತು. ಎಲ್ಲಿ ನೋಡಿದರೂ ಅದೇ ಮಾತು. ಹೆಲ್ಮೆಟ್ ಇಲ್ಲದಿದ್ದರೆ ಇಷ್ಟು, ಕುಡಿದು ಓಡಿಸಿದರೆ ಅಷ್ಟು, ಅಡ್ಡಾದಿಡ್ಡಿ ಓಡಿಸಿದರೆ ದಂಡದ ಜೊತೆ ಜೈಲು, ಲೈಸೆನ್ಸೂ ಹೋಯಿತು. ಟೀ ಅಂಗಡಿಯಲ್ಲಿ ಕೂತವರು ತಮ್ಮ ಹಳೇ ಗಾಡಿಯನ್ನು ಪೊಲೀಸರಿಗೇ ಕೊಟ್ಟು ನಡೆದು ಬರುವುದು ಲಾಭ ಅಂತ ಲೆಕ್ಕ ಹಾಕುತ್ತಿದ್ದರು. ರಸ್ತೆ ಪಕ್ಕದಲ್ಲಿ ಕಲ್ಲಂಗಡಿ ಗುಡ್ಡೆ ಹಾಕಿದಂತೆ ಹೆಲ್ಮೆಟ್ ಗುಡ್ಡೆ ಹಾಕಿ ಮಾರುತ್ತಿದ್ದರು. ಪಂಚೆ ಉಟ್ಟು ಹೆಲ್ಮೆಟ್ ಹಾಕಿಕೊಂಡು, ಹಿಂದೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಕಟ್ಟಿಕೊಂಡು ಮೊಪೆಡ್ಡಿನಲ್ಲಿ ಬರುವ ರೈತರನ್ನು ಕಂಡರೆ ನಮ್ಮ ಬಸ್ಸಿನಲ್ಲಿ ನಗೆಯೋ ನಗೆ. ಅದೆಲ್ಲಾ ಬೆಂಗಳೂರಿಗೆ ಮಾಡಿರೋ ಕಾನೂನು, ನಮ್ಮ ರೋಡಿಗಲ್ಲ ಅಂತ ರವಣಣ್ಣ ತೀರ್ಪು ಕೊಟ್ಟಿದ್ದರು. ನಾವೂ ಹೌದೌದು ಅಂದಿದ್ದೆವು.

ಅದಾಗಿ ಎರಡು ವಾರಕ್ಕೆ ನಮ್ಮ ಸ್ಕೂಲಿಗೆ ಇನ್‌ಸ್ಪೆಕ್ಷನ್. ನಾನು ರೇಷ್ಮೆ ಸೀರೆ ಉಟ್ಟು, ಅಬ್ಬಾನ ಅತ್ತರು ಮುಂಗೈಗೆ ಸವರಿಕೊಂಡು, ಎಂದಿನಂತೆ ತಡವಾಗಿ ಬಸ್ಸು ಹತ್ತಿದೆ. ಬೆಳಗಿನಿಂದ ಜಿನುಗು ಮಳೆ. ಯಾರೋ ಟೊಮ್ಯಾಟೋ ಬಾಕ್ಸು ಮೇಲೇರಿಸುತ್ತಾ ಕೂತದ್ದಕ್ಕೆ ಬಸ್ಸು ಹೊರಡುವುದೇ ತಡವಾಗಿ, ನೀಲಿ ಮುಂದೆ ಹೋಗಿಬಿಟ್ಟಿತ್ತು. ಒಂಬತ್ತೂವರೆಗೆ ನಾನು ಸ್ಕೂಲ್ ಗೇಟಿನೊಳಗೆ ಇರಲೇಬೇಕು ಅಂತ ರವಣಣ್ಣನಿಗೆ ಹೇಳಿದೆ. ಕೂತ್ಕೊಳಿ ಮೇಡಂ, ಐದು ನಿಮಿಷ ಮುಂಚೇನೇ ಇಳಿಸ್ತೀನಿ ಅಂದರು.

ಅರ್ಧ ದಾರಿಯಲ್ಲಿ ನೀಲಿ ಸಿಕ್ಕಿತು. ಹುಣಸೆಮರದ ತಿರುವು ಬರುತ್ತಿತ್ತು. ಬಿಡಬೇಡಿ ಅಂತ ಹಿಂದಿನಿಂದ ಕೂಗು. ನಾನೂ ಕೂಗಿದೆ. ಸುಳ್ಳು ಯಾಕೆ ಹೇಳಲಿ, ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ್ದು ನಾನೇ. ರವಣಣ್ಣ ಬಲಕ್ಕೆ ತಿರುಗಿಸಿ ನೀಲಿಯನ್ನು ಹಿಂದೆ ಹಾಕುವಷ್ಟರಲ್ಲಿ ಎದುರಿಗೆ ಒಂದು ದೊಡ್ಡ ಹಸಿರು ಹೊರೆ, ಅದರ ಮುಂದೆ ಒಂದು ಕೆಂಪು ಹೆಲ್ಮೆಟ್. ಮೊಪೆಡ್ ರಸ್ತೆ ಬಿಟ್ಟು ಇಳಿಜಾರಿನಲ್ಲಿ ಹೋಗಿ ರಾಗಿ ಹೊಲಕ್ಕೆ ಬಿತ್ತು. ನಮ್ಮ ಬಸ್ಸು ನಿಂತಿತು.

ನೀಲಿ ಬಸ್ಸೂ ನಿಂತಿತು. ಎರಡೂ ಬಸ್ಸಿನ ಜನ ಓಡಿದೆವು. ಮನುಷ್ಯ ಸೊಪ್ಪಿನ ಹೊರೆಯ ಮೇಲೆ ಬಿದ್ದಿದ್ದರು, ಹಾಸಿಗೆಗೆ ಬಿದ್ದ ಹಾಗೆ. ಎಡಗೈ ಮಾತ್ರ ಮುರಿದು ತಿರುಚಿಕೊಂಡಿತ್ತು. ಹೆಲ್ಮೆಟ್ ಒಂದು ಕಡೆ ಒಡೆದಿತ್ತು, ತಲೆ ಒಡೆದಿರಲಿಲ್ಲ. ದಂಡಕ್ಕೆ ಹೆದರಿ ಹಿಂದಿನ ವಾರವಷ್ಟೇ ಶಾಪ ಹಾಕುತ್ತಾ ಕೊಂಡಿದ್ದ ಹೆಲ್ಮೆಟ್ ಅಂತೆ. ಅವರ ಹೆಸರು ಆಂಜಿನಪ್ಪ. ಎತ್ತಿ ಕೂರಿಸಿದರೆ ನಮ್ಮನ್ನು ಬೈಯಲಿಲ್ಲ, ಕೈಯನ್ನೂ ನೋಡಿಕೊಳ್ಳಲಿಲ್ಲ.

"ಹುಳ ನಾಲ್ಕನೇ ಜ್ವರ ಎದ್ದವೆ," ಅಂದರು. "ಬೆಳಗ್ಗೆಯಿಂದ ಸೊಪ್ಪಿಲ್ಲ ಅವಕ್ಕೆ."

ರೇಷ್ಮೆಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ತಲೆಯೆತ್ತಿ, ಏನೂ ತಿನ್ನದೆ, ಅಲ್ಲಾಡದೆ ಇರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ಅದರ ಹಸಿವು ಹೇಳತೀರದು, ಆಗ ಸೊಪ್ಪು ತಪ್ಪಿದರೆ ಬೆಳೆ ಕೈಬಿಟ್ಟ ಹಾಗೇ. ಮುರಿದ ಕೈಯ ಮನುಷ್ಯನ ಬಾಯಲ್ಲಿ ಬಂದ ಮೊದಲ ಮಾತು ಅದು. ನನಗೆ ಅಲ್ಲೇ ಅಳು ಬಂತು.

ಆಂಜಿನಪ್ಪನವರನ್ನು ನೀಲಿ ಬಸ್ಸಿನವರೇ ಆಸ್ಪತ್ರೆಗೆ ಕರೆದುಕೊಂಡು ಹೋದರು. ರವಣಣ್ಣ ಸ್ಟೇರಿಂಗ್ ಹಿಡಿದ ಕೈ ಬಿಟ್ಟಿರಲಿಲ್ಲ, ಗಾಡಿ ನಿಂತಿದೆ ಅಂತ ಅವರಿಗೆ ಗೊತ್ತಾದಂತೆಯೇ ಕಾಣಲಿಲ್ಲ. ಪೊಲೀಸರು ಬರುವವರೆಗೆ ಹಾಗೇ ಕೂತಿದ್ದರು. ನಾವು ಹತ್ತು ಹನ್ನೆರಡು ಜನ ಆಂಜಿನಪ್ಪನವರ ಮನೆ ಹುಡುಕಿಕೊಂಡು ಹೊರಟೆವು. ಕೆಸರಿಗೆ ಬಿದ್ದ ಸೊಪ್ಪು ಹುಳಕ್ಕೆ ಆಗುವುದಿಲ್ಲ, ಹೊಸದು ಕೊಯ್ಯಬೇಕು, ಅದರ ನೀರು ಆರಿಸಬೇಕು. ಅವರ ಹೆಂಡತಿಗೆ ವಿಷಯ ಹೇಳಿದೆವು. ಜೀವಕ್ಕೇನೂ ಇಲ್ಲ ತಾನೇ ಅಂತ ಮೂರು ಸಲ ಕೇಳಿ, ಆಮೇಲೆ ನಮಗೆಲ್ಲಾ ಕೆಲಸ ಹಚ್ಚಿದಳು. ಕೈಕಾಲು ತೊಳೆಸಿದಳು. ಬಾಯಲ್ಲಿ ಹೊಗೆಸೊಪ್ಪು ಇದ್ದ ನಮ್ಮ ಕಂಡಕ್ಟರ್ ಮೂರ್ತಿಯನ್ನು ಹುಳದ ಮನೆಯ ಹೊಸ್ತಿಲು ಮುಟ್ಟಲು ಬಿಡಲಿಲ್ಲ. ಘಾಟು ವಾಸನೆ ಹುಳಕ್ಕೆ ಆಗದು ಅಂತ, ಅತ್ತರು ಹಚ್ಚಿದ್ದ ನನ್ನನ್ನೂ ಆಚೆ ಹಾಕಿದಳು. ಹೀಗೆ ನಾನು ಮತ್ತು ಮೂರ್ತಿ ಜಿನುಗು ಮಳೆಯಲ್ಲಿ ಸೊಪ್ಪು ಕೊಯ್ಯುವವರಾದೆವು. ಮೈಮೇಲೆ ರೇಷ್ಮೆ ಸೀರೆ, ಕೈಯಲ್ಲಿ ಕುಡುಗೋಲು. ಆ ಸೀರೆ ಎಲ್ಲಿಂದ ಬರುತ್ತದೆ ಅಂತ ನನ್ನ ಸೊಂಟಕ್ಕೆ ಅವತ್ತು ಗೊತ್ತಾಯಿತು.

ಮಧ್ಯಾಹ್ನ ಸ್ಕೂಲು ಮುಟ್ಟಿದೆ. ಇನ್‌ಸ್ಪೆಕ್ಷನ್‌ಗೆ ಬರಬೇಕಾದವರು ಅವತ್ತು ಬಂದೇ ಇರಲಿಲ್ಲ.

ಪೊಲೀಸ್ ಕೇಸು ಕೋರ್ಟಿನಲ್ಲಿ ಅದರ ಪಾಡಿಗೆ ನಡೆದು ಕೊನೆಗೆ ಹೊಸ ದರದಲ್ಲಿ ದಂಡ ಬಿತ್ತು. ರವಣಣ್ಣನನ್ನು ತಿಂದಿದ್ದು ದಂಡವಲ್ಲ, ಲೈಸೆನ್ಸು. ಅದನ್ನು ರದ್ದು ಯಾಕೆ ಮಾಡಬಾರದು ಅಂತ ಚಿಕ್ಕಬಳ್ಳಾಪುರದ ಆರ್‌ಟಿಓ ಆಫೀಸಿನಿಂದ ನೋಟಿಸು ಬಂತು. ಇಪ್ಪತ್ತೆರಡು ವರ್ಷ ಸ್ಟೇರಿಂಗ್ ಬಿಟ್ಟು ಬೇರೇನೂ ಹಿಡಿಯದ ಕೈ. ವಿಚಾರಣೆಯ ದಿನ ನಾವೆಲ್ಲಾ ಹೋಗಿ ಅವರ ಪರ ಮಾತಾಡುವುದು ಅಂತ ತೀರ್ಮಾನವಾಯಿತು. ಮೂರ್ತಿ ದಾರಿಯುದ್ದಕ್ಕೂ ಪಾಠ ಹೇಳಿಕೊಟ್ಟ. ಬಸ್ಸು ನಿಧಾನಕ್ಕೆ ಹೋಗ್ತಿತ್ತು, ಮಳೆಗೆ ಮೊಪೆಡ್ಡೇ ಜಾರಿತು, ಇಷ್ಟೇ ಹೇಳಬೇಕು. ಎಲ್ಲರೂ ತಲೆಯಾಡಿಸಿದರು. ತಮಾಷೆ ಏನೆಂದರೆ ಅವತ್ತು ನಮಗೆ ಸಿಕ್ಕಿದ್ದು ನೀಲಿ ಬಸ್ಸು.

ಆಫೀಸರ್ ಒಬ್ಬ ಹೆಂಗಸು, ನನ್ನದೇ ವಯಸ್ಸು. ಒಂಬತ್ತು ಜನ ಸಾಲಾಗಿ ಒಳಗೆ ಬಂದದ್ದು ನೋಡಿ ಮೊದಲು ಗಾಬರಿಯಾದರು, ಆಮೇಲೆ ಹಿರಿಯರಿಂದ ಶುರು ಮಾಡೋಣ ಅಂದರು. ಹಿರಿಯಳು ಪಾಪಮ್ಮಜ್ಜಿ. ಬಸ್ಸು ಜೋರಾಗಿ ಹೋಗುತ್ತಿತ್ತಾ ಅಂತ ಕೇಳಿದರು. ಮೂರ್ತಿ ಹಿಂದಿನಿಂದ ಕೆಮ್ಮಿದ. ಆದರೆ ತನ್ನ ಡ್ರೈವರನ್ನು ಯಾರೋ ಲಾಯಕ್ಕಿಲ್ಲದವನು ಅನ್ನುತ್ತಿದ್ದಾರೆ ಅಂತ ಅಜ್ಜಿಗೆ ರೋಷ ಬಂದಿತ್ತು.

"ಕೇಳಮ್ಮಾ," ಅಂದಳು. "ಗೌರ್ಮೆಂಟ್ ಬಸ್ಸಲ್ಲಿ ಕೂತ್ರೆ ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಹತ್ತು ಮೊಳ ಹೂ ಕಟ್ತೀನಿ. ನಮ್ಮ ರವಣಪ್ಪನ ಬಸ್ಸಲ್ಲಿ ಆರು ಮೊಳ ಆಗೋದ್ರೊಳಗೆ ಇಳಿಸಿಬಿಡ್ತಾನೆ. ಇಂಥ ಡ್ರೈವರ್ ಈ ಸೀಮೆಗೇ ಇಲ್ಲ ಕಣಮ್ಮ."

ಆಫೀಸರ್ ಬರೆದುಕೊಂಡರು. ಮೂರ್ತಿ ಕೆಮ್ಮುವುದು ನಿಲ್ಲಿಸಿ ತಲೆಗೆ ಕೈ ಇಟ್ಟುಕೊಂಡ. ಅಜ್ಜಿಯ ಉಮೇದು ನೋಡಿ ಮಿಕ್ಕವರಿಗೂ ಹುರುಪು ಬಂತು. ಪಾಠವೆಲ್ಲಾ ಗಾಳಿಗೆ ಹೋಯಿತು. ಸಂತೆ ದಿನ ಎರಡು ಬಸ್ಸಿನ ಸಂದಿಯಲ್ಲಿ ನುಗ್ಗಿಸಿದ್ದು ಒಬ್ಬರು ಹೇಳಿದರು, ನೀಲಿ ಬಸ್ಸು ಕಣ್ಣಿಗೇ ಕಾಣದಂತೆ ಹಿಂದೆ ಹಾಕಿದ್ದು ಇನ್ನೊಬ್ಬರು. ಉಳಿಸಲು ಬಂದವರೆಲ್ಲಾ ಸೇರಿ, ಪ್ರೀತಿಯಿಂದ, ಒಂದೊಂದೇ ಕಲ್ಲು ತಂದು ರವಣಣ್ಣನ ತಲೆ ಮೇಲೆ ಇಟ್ಟರು. ರವಣಣ್ಣ ನೆಲ ನೋಡುತ್ತಾ ನಿಂತಿದ್ದರು.

ಕೊನೆಗೆ ಆಫೀಸರ್ ನನ್ನ ಕಡೆ ತಿರುಗಿ, ನೀವು ಟೀಚರ್, ನೀವಾದರೂ ಸರಿಯಾಗಿ ಹೇಳಿ ಅಂದರು. ಮೂರ್ತಿಯ ಪಾಠ ನನಗೆ ಬಾಯಿಪಾಠವಾಗಿತ್ತು. ಹೇಳಲು ಬಾಯಿ ತೆರೆದರೆ ರಾಗಿ ಹೊಲದಲ್ಲಿ ಕೂತು ಹುಳದ ಮಾತಾಡಿದ ಮನುಷ್ಯ ಕಣ್ಣ ಮುಂದೆ ಬಂದರು. ಜೋರಾಗೇ ಹೋಗ್ತಿತ್ತು ಅಂದೆ. ಬೇಗ ಹೋಗಿ ಅಂದದ್ದು ನಾನೇ, ತಿರುವಿನಲ್ಲಿ ಬಿಡಬೇಡಿ ಅಂತ ಕೂಗಿದ್ದೂ ನಾನೇ ಅಂದೆ.

ಅವರು ಪೆನ್ನು ಕೆಳಗಿಟ್ಟರು. "ಎಷ್ಟೊತ್ತಿಗೆ ಏಳ್ತೀರಿ ಮೇಡಂ?"

ಏಳೂವರೆ ಅಂದೆ. ಏಳಕ್ಕೆ ಎದ್ದರೆ ಏನಾಗುತ್ತದೆ ಅಂತ ಕೇಳಿದರು. ಎಂಟೂ ಹತ್ತರ ಬಸ್ಸು ಸಿಗುತ್ತದೆ ಅಂದೆ. ನಲವತ್ತೆರಡು ವರ್ಷಕ್ಕೆ ಕ್ಲಾಸಿನಲ್ಲಿ ಎದ್ದು ನಿಂತು ಬೈಸಿಕೊಂಡ ಹಾಗಾಯಿತು. ನೆಲ ಬಾಯಿ ಬಿಟ್ಟಿದ್ದರೆ ಸೀರೆ ಸಮೇತ ಇಳಿದುಬಿಡುತ್ತಿದ್ದೆ.

ಆಗ ರವಣಣ್ಣ ಮೊದಲ ಸಲ ತಲೆಯೆತ್ತಿದರು.

"ಮೇಡಂನ ಯಾಕೆ ಕೇಳ್ತೀರಿ. ಅವರದ್ದು ಬಾಯಿ. ತುಳಿದಿದ್ದ ಕಾಲು ನಂದಲ್ವಾ."

ನನ್ನನ್ನು ಮುಂದೆ ತಳ್ಳಿ ತಾವು ಪಾರಾಗುವ ದಾರಿ ಅವರ ಕಣ್ಣೆದುರೇ ಇತ್ತು, ನಾನೇ ತೆರೆದು ಕೊಟ್ಟಿದ್ದೆ. ಅವರು ಆ ಕಡೆ ನೋಡಲೂ ಇಲ್ಲ. ಅವತ್ತಿನಿಂದ ಆ ಮನುಷ್ಯನ ಮೇಲೆ ನನಗಿರುವ ಗೌರವ ಒಂದು ಚೂರೂ ಇಳಿದಿಲ್ಲ. ಆಫೀಸರ್ ಮತ್ತೆ ಪೆನ್ನು ಎತ್ತಿಕೊಂಡರು. ರದ್ದು ಮಾಡುವುದು ಅಂತಲೇ ಕೂತಿದ್ದೆ, ಈ ಮಾತು ಕೇಳಿದ ಮೇಲೆ ಮೂರು ತಿಂಗಳು ಅಮಾನತು, ಆಮೇಲೆ ತರಬೇತಿ ಮುಗಿಸಿ ಬನ್ನಿ, ಇನ್ನೊಂದು ಸಲ ನೋಟಿಸು ಬಂದರೆ ಈ ಬಾಗಿಲಿಗೆ ಬರಲೇಬೇಡಿ ಅಂದರು. ಕಾನೂನು ಅಷ್ಟು ಬಿಗಿಯಾದದ್ದು ನಮ್ಮ ರೋಡಿಗೂ ಸೇರಿಸಿಯೇ ಅಂತ ಆಗ ಗೊತ್ತಾಯಿತು. ಆಚೆ ಬಂದ ಮೇಲೆ ಪಾಪಮ್ಮಜ್ಜಿ, ನಾನು ಹೇಳಿದ್ದಕ್ಕೇ ಉಳೀತು ನೋಡು ಅಂದಳು. ಇವತ್ತಿಗೂ ಅವಳು ಹಾಗೇ ನಂಬಿದ್ದಾಳೆ.

ಮಾರನೇ ಬೆಳಗ್ಗೆ ರವಣಣ್ಣ ಯಾರೂ ಹೇಳದೆಯೇ ಆಂಜಿನಪ್ಪನವರ ಹೊಲದಲ್ಲಿದ್ದರು. ಪ್ಲಾಸ್ಟರ್ ಹಾಕಿದ ಕೈ ಹೊತ್ತು ಆಂಜಿನಪ್ಪ ಬದುವಿನ ಮೇಲೆ ಕೂತು ಹೇಳುವುದು, ಇವರು ಸೊಪ್ಪು ಕೊಯ್ಯುವುದು. ಮೊದಲ ವಾರ ಆಂಜಿನಪ್ಪನವರ ಹೆಂಡತಿ ಇವರಿಗೆ ನೀರನ್ನೂ ಕೊಡಲಿಲ್ಲವಂತೆ. ಎರಡನೇ ವಾರ ಮುದ್ದೆ ಹಾಕಿದಳು. ನಾನೂ ಒಂದು ಭಾನುವಾರ ಹೋದೆ, ಅತ್ತರಿಲ್ಲದೆ. ಹೊಸ ಬೆಳೆ ಹುಳ ಜ್ವರಕ್ಕೆ ಕೂತಿದ್ದವು. ಅಲ್ಲೊಂದು ಇಲ್ಲೊಂದು ಆಗಲೇ ಎದ್ದು ತಲೆಯಾಡಿಸುತ್ತಿದ್ದವು. ರವಣಣ್ಣ ಸೊಪ್ಪು ತುಂಬಿದ ಕೈ ಮುಂದೆ ಚಾಚಿದರು. ಆಂಜಿನಪ್ಪ, ತಡೀರಪ್ಪ, ಎಲ್ಲಾ ಏಳ್ಲಿ ಅಂದರು. ಮುಂಚೆ ಎದ್ದವಕ್ಕೆ ಮುಂಚೆ ಹಾಕಿದರೆ ಬೆಳೆಯೆಲ್ಲಾ ಹೆಚ್ಚುಕಮ್ಮಿಯಾಗುತ್ತದೆ, ಮಲಗಿರುವವು ಸೊಪ್ಪಿನ ಕೆಳಗೆ ಸಿಕ್ಕಿಕೊಳ್ಳುತ್ತವೆ. ಎದ್ದವು ಕಾಯಬೇಕು. ರವಣಣ್ಣ ಸೊಪ್ಪು ಹಿಡಿದುಕೊಂಡು ಸುಮ್ಮನೆ ನಿಂತರು. ಅವರು ಕಾಯುತ್ತಾ ನಿಂತಿದ್ದನ್ನು ನಾನು ನೋಡಿದ್ದು ಅದೇ ಮೊದಲು, ನಗು ಬಂತು. ಅವರಿಗೂ ಬಂತು.

ಸಂಕ್ರಾಂತಿ ಕಳೆದ ಮೇಲೆ ಅವರು ಮತ್ತೆ ಬಸ್ಸು ಹತ್ತಿದರು. ನಾನು ಅಷ್ಟರಲ್ಲಿ ಎಂಟೂ ಹತ್ತರ ಹೆಂಗಸಾಗಿದ್ದೆ. ಅಮ್ಮಿಗೆ ಆ ಆಫೀಸರ್ ಮೇಲೆ ಎಂಥ ಪ್ರೀತಿ ಅಂದರೆ ಪ್ರತಿ ನಮಾಜಿನಲ್ಲೂ ಅವರಿಗೊಂದು ದುವಾ ಇರುತ್ತಿತ್ತು. ಆದರೆ ಅವತ್ತು ಅರ್ಧ ದಿನ ರಜೆ ಹಾಕಿ ಹಳದಿ ಬಸ್ಸಿಗೇ ಕಾದೆ. ಎಲ್ಲರೂ ಬಂದಿದ್ದರು. ಎಳ್ಳುಬೆಲ್ಲ ಹಂಚಿಕೊಂಡೆವು. ಹುಣಸೆಮರದ ತಿರುವಿಗೆ ಸ್ವಲ್ಪ ಮುಂಚೆ ನೀಲಿ ಬಸ್ಸು ಹಾರ್ನ್ ಹಾಕಿತು. ರವಣಣ್ಣ ಪಕ್ಕಕ್ಕೆ ಸರಿದು, ಕೈ ಆಚೆ ಹಾಕಿ, ಹೋಗಪ್ಪಾ ಅಂತ ದಾರಿ ಬಿಟ್ಟರು. ನೀಲಿಯ ಕಿಟಕಿಗಳಿಂದ ಕೈಗಳು ಅಣಕಿಸುತ್ತಾ ಹೋದವು. ನಮ್ಮವರು ಹಲ್ಲು ಕಚ್ಚಿಕೊಂಡು ಕೂತಿದ್ದು ನೋಡಬೇಕಿತ್ತು. ಬಿಡಬೇಡಿ ಅನ್ನುವ ಮಾತು ನನ್ನ ನಾಲಿಗೆಯ ತುದಿಗೂ ಬಂದು ನಿಂತಿತ್ತು. ಶಿಡ್ಲಘಟ್ಟದ ವಾಸನೆ ಬಂದಾಗ ಪಾಪಮ್ಮಜ್ಜಿ ಹೂವನ್ನು ಮೊಳಕೈಯಿಂದ ಅಳೆದಳು. ಪೂರಾ ಹತ್ತು. ಇನ್ನೊಂದು ಸಲ ಅಳೆದಳು. ನಾಲ್ಕು ಮೊಳ ಜಾಸ್ತಿ ಮಾರಬಹುದು ಅಂತ ಅವಳಿಗೆ ಹೊಳೆದದ್ದು ಆಗಲೇ. ಸೋತ ದಿನವಾದರೂ ಎದ್ದು ಹೋಗಿ ಒಂದು ಗೇಣು ಹರಿದು ಕನ್ನಡಿಗೆ ಸಿಕ್ಕಿಸಿದಳು. ರವಣಣ್ಣನ ಕಣ್ಣು ಒದ್ದೆಯಾದದ್ದು ಅದೇ ಕನ್ನಡಿಯಲ್ಲಿ ನಮಗೆಲ್ಲಾ ಕಂಡಿತು.

ಕಳೆದ ತಿಂಗಳ ಆ ಬಸ್ಸು ಶಿಡ್ಲಘಟ್ಟ ದಾಟಿ ಅದೇ ದಾರಿಯಲ್ಲಿ ಹೋಗುತ್ತಿತ್ತು. ಹುಣಸೆಮರದ ತಿರುವಿನಲ್ಲಿ ಈಗ ಒಂದು ಸ್ಟಾಪು ಇದೆ. ಬಸ್ಸು ನಿಂತಿತು. ಹೊಲದ ಬದುವಿನಿಂದ ಯಾರೋ ಕೈ ಎತ್ತಿದರು. ಎಡಗೈ, ಮೊಳಕೈ ಹತ್ತಿರ ಸ್ವಲ್ಪ ಸೊಟ್ಟ. ಆಂಜಿನಪ್ಪ. ರವಣಣ್ಣ ಒಂದೇ ಒಂದು ಸಣ್ಣ ಹಾರ್ನ್ ಹಾಕಿದರು, ದಿನಾ ಹಾಕುವಂತೆ ಕಂಡಿತು. ಸೊಪ್ಪಿನ ಹೊರೆ ಹೊತ್ತ ಒಬ್ಬ ಮುದುಕ ನಿಧಾನಕ್ಕೆ ಹತ್ತುತ್ತಿದ್ದ, ಹೊರೆ ಬಾಗಿಲಲ್ಲಿ ಸಿಕ್ಕಿಕೊಂಡಿತು, ಕಂಡಕ್ಟರ್ ಇಳಿದು ತಳ್ಳತೊಡಗಿದ. ನಾನು ವಾಚು ನೋಡಿಕೊಂಡೆ. ನಿಕಾಹ್ ಹನ್ನೆರಡಕ್ಕೆ. ಹನ್ನೊಂದೂ ಮುಕ್ಕಾಲಾಗಿತ್ತು, ಇನ್ನೂ ಅರ್ಧ ದಾರಿ ಇತ್ತು. ಬೆಳಗ್ಗೆ ಗೌರಿಬಿದನೂರಿನಲ್ಲಿ ಒಂದು ಬಸ್ಸು ಮುಂಚೆ ಹಿಡಿಯಬಹುದಿತ್ತು, ಹಿಡಿದಿರಲಿಲ್ಲ. ನನಗೇ ತಿಳಿಯದಂತೆ ಬಾಯಿ ತೆರೆಯಿತು. ರವಣಣ್ಣ, ಅಂತ ಅಂದೂಬಿಟ್ಟೆ.

ಅವರು ತಿರುಗಲಿಲ್ಲ. ಕನ್ನಡಿಯಲ್ಲೇ ನೋಡಿದರು.

"ಎಷ್ಟೊತ್ತಿಗೆ ಎದ್ರಿ ಮೇಡಂ?"

ಬಸ್ಸಿಗೆ ಬಸ್ಸೇ ಯಾರದು ಅಂತ ತಿರುಗಿ ನೋಡಿತು. ನಾನು ಬಾಯಿ ಮುಚ್ಚಿಕೊಂಡು ಕೂತೆ. ಮುದುಕ ಹತ್ತಿ, ಹೊರೆ ಹತ್ತಿ, ಇಬ್ಬರಿಗೂ ಜಾಗವಾದ ಮೇಲೆ ಬಸ್ಸು ಹೊರಟಿತು. ನಿಕಾಹ್ ತಪ್ಪಿತು. ಬಿರಿಯಾನಿ ಸಿಕ್ಕಿತು.